ಒಳಗೆ ಹೋಗದ ಬೆಳಕು

ಶುಕ್ರವಾರ, ಊಟದ ಬಿಡುವು

ನನ್ನ ಬಂಗಾರದ ಅಮ್ಮಾ,

ಫೋನಿನಲ್ಲಿ ಹೇಳಿದರೆ ನಡುನಡುವೆ "ಊಟ ಆಯ್ತಾ" ಅಂತ ಕೇಳಿ ನನ್ನ ಸಂಭ್ರಮವನ್ನೆಲ್ಲ ಕೆಡಿಸುತ್ತೀಯ. ಅದಕ್ಕೇ ಈ ಕಾಗದ. ಕಾಗುಣಿತ ತಪ್ಪಿದ್ದರೆ ಬೈಯಬೇಡ, ಇಂಗ್ಲಿಷ್ ಮೀಡಿಯಂಗೆ ಸೇರಿಸಿದವಳು ನೀನೇ. ಸುದ್ದಿ ಏನಪ್ಪಾ ಅಂದರೆ, ನನ್ನ ದೀಪ ಗೆದ್ದಿತು! ನಿನ್ನ ಅಳಿಯ ಅದಕ್ಕಿಂತ ಜೋರಾಗಿ ಗೆದ್ದರು!

ನಮ್ಮ ಲ್ಯಾಬಿನಲ್ಲಿ ಇವರ ಉಸ್ತುವಾರಿಯಲ್ಲಿರುವ ಮಾಸ್ ಸ್ಪೆಕ್ಟ್ರೋಮೀಟರ್ ಅಣುಗಳನ್ನು ತೂಗುವ ಯಂತ್ರ. ಪ್ರೋಟೀನಿನಂಥ ದೊಡ್ಡ ಅಣುವಿನ ಒಳಗುಟ್ಟು ತಿಳಿಯಬೇಕಾದರೆ ಅದನ್ನು ಒಡೆದು ಚೂರುಗಳನ್ನು ತೂಗಬೇಕು. ಒಡೆಯಲು ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಬೇಕು, ಅದಕ್ಕಾಗಿ ಬೀರುವಿನಷ್ಟು ದೊಡ್ಡ ಲೇಸರ್ ತರಿಸುತ್ತಾರೆ. ನಾನು ಅದೇ ಬೆಳಕು ಬೀರುವ ಪುಟಾಣಿ ಎಲ್‌ಇಡಿಗಳನ್ನು ಜೋಡಿಸಿ ಸೋಪಿನ ಡಬ್ಬಿಯಷ್ಟು ದೀಪ ಮಾಡಿದ್ದೆ. ಈ ವಾರ ಅದು ಅಣುವನ್ನು ಒಡೆಯದಿದ್ದರೆ ಲೇಸರ್‌ಗೆ ಆರ್ಡರ್ ಹೋಗುತ್ತಿತ್ತು, ನನ್ನ ದೀಪ ಕಪಾಟು ಸೇರುತ್ತಿತ್ತು.

ಬುಧವಾರ ದೀಪ ಹಚ್ಚಿ ನೋಡಿದರೆ ಅಣುವಿನ ಒಂದು ಚೂರೂ ಬರಲಿಲ್ಲ. ಲ್ಯಾಬಿನ ಮುಖ್ಯಸ್ಥೆ (ನಾವು ಬೆನ್ನ ಹಿಂದೆ ದೊಡ್ಡಮ್ಮ ಅನ್ನುತ್ತೇವೆ) ಎಲ್ಲರೆದುರು, "ಏನಮ್ಮಾ, ಟಾರ್ಚ್ ತಂದಿದ್ದೀಯಾ?" ಅಂದರು. ಇವರು ಪರದೆ ನೋಡಿ, "ಒಡೆದಿಲ್ಲ ಮೇಡಂ" ಅಂದರು. ಅಷ್ಟೇ!

ಮನೆಗೆ ಬಂದವಳೇ ಮುಖ ಊದಿಸಿಕೊಂಡು ಕೂತೆ. "ಕಟ್ಟಿಕೊಂಡ ಹೆಂಡತಿ ಪರ ಒಂದು ಮಾತು ಆಡಬಾರದಾ ರೀ?"

"ಒಡೀದೇ ಇದ್ದಿದ್ದನ್ನ ಒಡೆದಿದೆ ಅನ್ನಲಾ?"

ಮದುವೆಯಾದ ಮೇಲೆ ನಮ್ಮ ಮೊದಲ ಜಗಳ, ಅಮ್ಮಾ! ಬೇರೆ ದಂಪತಿಗಳು ಟಿವಿ ರಿಮೋಟಿಗೆ ಕಿತ್ತಾಡುತ್ತಾರಂತೆ, ನಾವು ಅಣುವಿಗೆ.

ಮರುದಿನ ಬಿಳಿ ಕಾಗದದ ಚೂರು ಹಿಡಿದು ಬೆಳಕಿನ ಜಾಡು ಹುಡುಕಿದೆ. ಈ ಬೆಳಕು ಬಿದ್ದರೆ ಕಾಗದ ನೀಲಿಯಾಗಿ ಮಿನುಗುತ್ತದೆ. ಯಂತ್ರದ ಕಿಟಕಿಯ ಮುಂದೆ ಹಿಡಿದೆ, ಮಿನುಗಿತು. ಆಚೆ ಬದಿಯ ಕಿಟಕಿಯ ಹೊರಗೆ ಹಿಡಿದೆ, ಏನೂ ಇಲ್ಲ. ಅಂದರೆ ಬೆಳಕು ಒಳಗೇ ಹೋಗುತ್ತಿಲ್ಲ. ಅಲ್ಲಿರಬೇಕಾದದ್ದು ಈ ಬೆಳಕನ್ನು ಒಳಬಿಡುವ ಕ್ವಾರ್ಟ್ಸ್ ಗಾಜು; ಸಾಮಾನ್ಯ ಗಾಜು ಅದನ್ನು ತಾನೇ ನುಂಗಿಬಿಡುತ್ತದೆ. ನೋಡಲು ಎರಡೂ ಅವಳಿ ಜವಳಿ.

ಇವರಿಗೆ ಹೇಳಿದೆ, ಹಣೆ ಚಚ್ಚಿಕೊಂಡರು. ಮದುವೆಯ ರಜೆಗೆ ಹೊರಡುವ ದಿನ ಕ್ವಾರ್ಟ್ಸ್ ಬಿರುಕು ಬಿಟ್ಟಿತ್ತಂತೆ. ಸದ್ಯಕ್ಕಿರಲಿ ಅಂತ ಕೈಗೆ ಸಿಕ್ಕ ಗಾಜು ಕೂರಿಸಿ, ಮದುಮಗನಾಗಲು ಓಡಿದ್ದರು. ವಾಪಸ್ ಬಂದ ಮೇಲೆ ಮರೆತೇಬಿಟ್ಟರು!

ಆಮೇಲೆ ಎಲ್ಲರನ್ನೂ ಕರೆದರು. "ದೀಪದ ತಪ್ಪಲ್ಲ ಮೇಡಂ. ಗಾಜು ಹಾಕಿ ಮರೆತವನು ನಾನು. ಕಂಡುಹಿಡಿದವಳು ಇವಳು."

"ಮದುವೆ ಗುಂಗು ಮೆಷಿನ್ನಿಗೂ ಹತ್ತಿತಾ?" ಅಂದರು ದೊಡ್ಡಮ್ಮ. ಎಲ್ಲರೂ ನಕ್ಕರು, ದೊಡ್ಡಮ್ಮ ಮಾತ್ರ ನಗಲಿಲ್ಲ. ಇನ್ನು ಮೂರು ತಿಂಗಳು ಇವರು ಬಿಗಿದ ಪ್ರತಿಯೊಂದು ಬೋಲ್ಟನ್ನೂ ಕಿರಿಯರೊಬ್ಬರು ಪರೀಕ್ಷಿಸಬೇಕಂತೆ. ಇವರು ತಲೆಯಾಡಿಸಿ ಸ್ಪ್ಯಾನರ್ ಎತ್ತಿಕೊಂಡರು.

ಗಾಜು ಬದಲಾಯಿಸಿ, ಒಳಗಿನ ಗಾಳಿ ತೆಗೆದು, ಇವತ್ತು ಬೆಳಿಗ್ಗೆ ದೀಪ ಹಚ್ಚಿದೆವು. ಪರದೆಯ ಮೇಲೆ ಇಡೀ ಅಣುವಿನ ಒಂಟಿ ಗೆರೆಯ ಅಕ್ಕಪಕ್ಕ ಪುಟ್ಟ ಪುಟ್ಟ ಗೆರೆಗಳು ಎದ್ದವು. ಚೂರುಗಳು, ಅಮ್ಮಾ! ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು, "ಲೇಸರ್ ಆರ್ಡರ್ ನಿಲ್ಲಿಸಿ" ಅಂದರು. ನಾನು ಕುಣಿದೇಬಿಟ್ಟೆ. ಆದರೂ ನಿಜ ಹೇಳಲಾ? ಗುರುವಾರ ಇವರು ಸ್ಪ್ಯಾನರ್ ಎತ್ತಿಕೊಂಡಾಗಲೇ ನನ್ನ ಎದೆ ಇದಕ್ಕಿಂತ ಹೆಚ್ಚು ಉಬ್ಬಿತ್ತು.

ಅಪ್ಪನಿಗೆ ಓದಿ ಹೇಳು.

ನಿನ್ನ
ಮಾತಿನಮಲ್ಲಿ

ವಿ.ಸೂ.: ಇಷ್ಟು ಮಾತ್ರ ಅಪ್ಪನಿಗೆ ಓದಬೇಡ. ಗಾಜಿನ ವಿಷಯ ಗೊತ್ತಾದಾಗ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. "ಯಾರಿಗೂ ಹೇಳೋದು ಬೇಡ ರೀ, ಮೆತ್ತಗೆ ಬದಲಾಯಿಸಿಬಿಡೋಣ" ಅಂದವಳು ನಾನೇ. "ಹಾಗಾದ್ರೆ ನಿನ್ನ ದೀಪಕ್ಕೆ ಬಂದ ಕೆಟ್ಟ ಹೆಸರು ಯಾರು ತೊಳೀತಾರೆ?" ಅಂದು ಇವರು ಬಾಗಿಲು ತೆರೆದು ಎಲ್ಲರನ್ನೂ ಕರೆಯಲು ಹೋದರು.