ಸೋಮವಾರದ ಕಪ್ಪೆ

ರವಿವಾರ ಪೇಟೆ, ಬೆಳಗಾವಿ
೧೨ ಜುಲೈ ೧೯೮೪

ಪ್ರೀತಿಯ ಅವ್ವನಿಗೆ,

ನಿನ್ನ ಕಾಂತಾಳ ಶರಣು. ಮೊಣಕಾಲು ನೋವು ಹೇಗಿದೆ? ಖಾನಾಪುರದಲ್ಲಿ ಮಳೆ ಬಿಟ್ಟೇ ಇಲ್ಲವೆಂದು ನಿನ್ನ ತಮ್ಮ ರಾಯಪ್ಪ ಮಾಮಾ ಹೇಳಿದರು. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ಓಡಾಡಬೇಡ. ಹೇಳಿದರೆ ಕೇಳುವವಳಲ್ಲ ನೀನು, ಆದರೂ ಬರೆಯುತ್ತೇನೆ. ಇಲ್ಲಿ ದುಂಡಪ್ಪ ಕಾಕಾ, ಕಾಕು ಚೆನ್ನಾಗಿದ್ದಾರೆ. ನನಗೆ ಮಾತ್ರ ಮೂರು ದಿನದಿಂದ ತುತ್ತು ಇಳಿಯುತ್ತಿಲ್ಲ. ಹೆದರಿಕೆ, ಅವ್ವಾ.

ಮೆಡಿಕಲ್ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ನಾನು ಎರಡನೆಯವಳು. ಕಾಕಾ ಪೇಟೆಯ ತುಂಬ ಪೇಢೆ ಹಂಚಿಬಿಟ್ಟರು. ಮೂರು ದಿನದ ಹಿಂದೆ ಸಂದರ್ಶನಕ್ಕೆ ಹೋದರೆ, ಅಲ್ಲಿದ್ದ ಹಿರಿಯ ಡಾಕ್ಟರು ಒಂದು ಕೈಯಲ್ಲಿ ಆ ಅಂಕ, ಇನ್ನೊಂದರಲ್ಲಿ ನನ್ನ ಪಿಯುಸಿ ಅಂಕಪಟ್ಟಿ ಹಿಡಿದು, 'ಎರಡೂ ಒಬ್ಬಾಕಿವ ಏನವಾ?' ಎಂದರು. ಪಿಯುಸಿಯಲ್ಲಿ ನನ್ನದು ಬರೀ ಐವತ್ತೊಂದು ಪರ್ಸೆಂಟು. ಪೇಪರ್ ಕಠಿಣವಿತ್ತೆಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಜೀವಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ಕಪ್ಪೆ ಕೊಯ್ಯಬೇಕಿತ್ತು. ಪಕ್ಕದವಳು ಕೊಯ್ದ ಕಪ್ಪೆಯ ಗುಂಡಿಗೆ ಇನ್ನೂ ಬಡಿದುಕೊಳ್ಳುತ್ತಿತ್ತು. ನಾನು ಕತ್ತಿ ಕೆಳಗಿಟ್ಟು ಹೊರಗೆ ಬಂದೆ. ಆಮೇಲೆ ಯಾವ ಪೇಪರಿಗೆ ಕುಳಿತರೂ ಅದೇ ಕಣ್ಣ ಮುಂದೆ ಬಂದು, ಎಲ್ಲವೂ ಕೆಟ್ಟವು.

ನನ್ನ ಒಂಬತ್ತನೆಯ ವರ್ಷ ನೆನಪಿದೆಯೇ? ಕಲ್ಲು ಬೀಸಿ ಅಳಿಲು ಕೊಂದಿದ್ದೆ. ನೀನು ಹೊಡೆಯಲಿಲ್ಲ. ನನ್ನ ಕೊರಳಿನ ಲಿಂಗವನ್ನು ನನ್ನದೇ ಅಂಗೈಯಲ್ಲಿ ಇಟ್ಟು, 'ಇನ್ನ ಈ ಕೈಲೆ ಯಾವ ಜೀವಾನೂ ತಗಿಯಂಗಿಲ್ಲ ಅಂತ ಹೇಳ' ಎಂದೆ. ನಾನು ಹಾಗೇ ಹೇಳಿದೆ. ಅಂದಿನಿಂದ ಸೊಳ್ಳೆ ಕಚ್ಚಿದರೂ ಊದಿ ಓಡಿಸುತ್ತೇನೆ, ಮನೆಮಂದಿಯೆಲ್ಲ ನಗುತ್ತೀರಿ. ಡಾಕ್ಟರ ಮುಂದೆ ಇದನ್ನು ಹೇಳಲು ಬಾಯಿ ಬರಲಿಲ್ಲ. ಅವರು, 'ತಲಿ ಐತಿ, ಒಪ್ಪತೇನಿ. ಕೈ ನೋಡಬೇಕಲ್ಲ? ಸೋಮವಾರ ಹತ್ತಕ್ಕ ಬಂದು ನನ್ನ ಮುಂದ ಕಪ್ಪಿ ಕೊಯ್ದು ತೋರಸು. ಆಗಲಿಲ್ಲಂದ್ರ ಸೀಟು ಮುಂದಿನವರಿಗೆ' ಎಂದರು. ನಾನು 'ಆತ್ರಿ' ಎಂದುಬಿಟ್ಟೆ.

ಆಣೆ ಮಾಡಿಸಿದವಳು ನೀನು. ಬಿಡಿಸುವುದೂ ನಿನ್ನಿಂದಲೇ ಆಗಬೇಕು. ರವಿವಾರ ರಾಯಪ್ಪ ಮಾಮಾ ಇಲ್ಲಿಗೆ ಬರುತ್ತಾರೆ. ಅವರ ಹತ್ತಿರ 'ಹೂಂ' ಎಂದೋ 'ಬ್ಯಾಡ' ಎಂದೋ ಒಂದೇ ಮಾತು ಹೇಳಿಕಳಿಸು. ಬೇಡವೆಂದರೆ ಸೋಮವಾರ ಸಂಜೆಯ ಬಸ್ಸಿಗೆ ಊರಿಗೆ ಬರುತ್ತೇನೆ, ಸಿಟ್ಟು ಮಾಡುವುದಿಲ್ಲ. ಅಪ್ಪನಿಗೆ ಈ ಪತ್ರ ತೋರಿಸಬೇಡ. ಅವರು ಮಠದ ಸ್ವಾಮಿಗಳನ್ನು ಕೇಳಿಬರುತ್ತೇನೆಂದು ಹೊರಟರೆ ಸೋಮವಾರ ಕಳೆದೇ ಹೋಗುತ್ತದೆ. ಅಪ್ಪನಿಗೆ ನನ್ನ ನಮಸ್ಕಾರ ಮಾತ್ರ ಹೇಳು. ನೀನು ಮೊಣಕಾಲಿಗೆ ಎಣ್ಣೆ ತಪ್ಪಿಸಬೇಡ.

ನಿನ್ನ ಮಗಳು,
ಕಾಂತಾ

ತಾ.ಕ.: ಪತ್ರ ಮಡಚಿ ಅಂಟಿಸಲು ಹೋದೆ, ಆಗಲಿಲ್ಲ. ಖರೇ ಹೇಳುತ್ತೇನೆ. ನನ್ನ ಜೊತೆ ಓದಿದ ಸುಮನ್‌ಳ ಹಿತ್ತಲಲ್ಲಿ ನಿನ್ನೆ ಒಂದು ಕಪ್ಪೆ ಕೊಯ್ದೆ. ಕೈ ನಡುಗಲೇ ಇಲ್ಲ ಅವ್ವಾ, ಅದಕ್ಕೇ ಹೆದರಿಕೆ ಇನ್ನೂ ಹೆಚ್ಚಾಗಿದೆ. ಹೋಗುವ ಮುಂಚೆ ಲಿಂಗ ಬಿಚ್ಚಿ ಟ್ರಂಕಿನಲ್ಲಿ, ನಿನ್ನ ಇಳಕಲ್ ಸೀರೆಯ ಮಡಿಕೆಯಲ್ಲಿ ಇಟ್ಟೆ. ಇನ್ನೂ ಅಲ್ಲೇ ಇದೆ. ಕಾಕುಗೆ ಕಾಣದಂತೆ ಕೊರಳ ತುಂಬ ಸೆರಗು ಹೊದ್ದು ತಿರುಗುತ್ತಿದ್ದೇನೆ. ಸೀಟಿನ ಮಾತು ಆಮೇಲೆ. ಲಿಂಗವನ್ನು ಮತ್ತೆ ಕಟ್ಟಿಕೊಳ್ಳಲೇ? ಮೊದಲು ಅದಕ್ಕೆ 'ಹೂಂ' ಅನ್ನು.