ಒಂದೂವರೆ ಗಂಟೆಯ ಹಿಮ

ಕಲ್ವರ್ ಸಿಟಿ, ಮಾರ್ಚ್ 1978

ವರದರಾಜರೇ,

ಇವತ್ತು ಬಾಲ್ಡಿ ಬೆಟ್ಟದ ರೇಂಜರನ್ನು ಕಂಡು ಬಂದೆ. ನನ್ನ ಗಂಡನನ್ನು ಹಿಮ ಎಳೆದುಕೊಂಡು ಹೋದ ಇಳಿಜಾರನ್ನು ತೋರಿಸಿದರು. ಒಂದೂವರೆ ಗಂಟೆ ಮೊದಲು ದಾಟಿದ್ದರೆ ಹಿಮ ಗಟ್ಟಿಯಾಗಿರುತ್ತಿತ್ತಂತೆ. ಬಿಸಿಲೇರಿದ ಮೇಲೆ ಸಡಿಲವಾಗಿ ಜಾರಿತಂತೆ.

ಆ ಸೋಮವಾರ ಏಳೂವರೆಗೇ ಬೆಟ್ಟದ ಬುಡ ಮುಟ್ಟಿದ್ದರೂ ನೀವು ಅವರನ್ನು ಕಾರಿನಿಂದ ಇಳಿಯಲು ಬಿಡಲಿಲ್ಲ. "ಪಾಂಡು, ರಾಹುಕಾಲ ಕಳೀಲಿ ಕಣೋ, ಒಂಬತ್ತಕ್ಕೆ ಹತ್ತೋಣ" ಅಂದೆ ಎಂದು ಆಮೇಲೆ ನೀವೇ ನನಗೆ ಹೇಳಿದಿರಿ. ಒಬ್ಬರೇ ಬದುಕಿ ಬಂದು, ಎಲ್ಲ ಅವನ ಹಣೆಬರಹ ಎಂದಿರಿ.

ಕಾರಿನಲ್ಲಿ ಪಂಚಾಂಗ ಇಟ್ಟವಳು ನಾನು. ಅದನ್ನು ರೇಂಜರಿಗೆ ಹೇಳಲಿಲ್ಲ.

ಸ್ಯಾನ್ ಡಿಯೆಗೊದಿಂದ ನಿಮ್ಮ ಗೃಹಪ್ರವೇಶದ ಕರೆಯೋಲೆ ಬಂದಿದೆ. ಈ ಪತ್ರ ಕಳಿಸಿದರೆ ನೀವು ಬಾಗಿಲು ಹಾಕಿಕೊಳ್ಳುತ್ತೀರಿ, ಅದಕ್ಕೇ ಕಳಿಸುವುದಿಲ್ಲ. ಆ ದಿನದ ರಾಹುಕಾಲ ನೋಡಿಟ್ಟಿದ್ದೇನೆ. ಸರಿಯಾಗಿ ಆ ಹೊತ್ತಿಗೇ, ಈ ಬರಿಹಣೆಯಲ್ಲೇ, ನಿಮ್ಮ ಹೊಸಿಲು ದಾಟುತ್ತೇನೆ.

ವಿನೋದಾ