ಜೊಂಡಿನ ಮೇಲಿನ ಪೊರೆ

ಮಗಳ ಚಿಕ್ಕಮ್ಮನವರಿಗೆ,

ವಂದನೆಗಳು. ಅವಳ ಅಪ್ಪನನ್ನು ನೀವು ಮದುವೆಯಾದಾಗಲೂ ನಾನು ನಿಮಗೆ ಬರೆದಿರಲಿಲ್ಲ. ಈಗ ಬರೆಯುತ್ತಿರುವುದು ಕೆರೆಯ ವಿಷಯಕ್ಕೆ.

ಪ್ರತಿ ಭಾನುವಾರ ನಿಮ್ಮೊಂದಿಗೆ ಕೆರೆ ಸುತ್ತಿ ನಿಮ್ಮ ಮನೆಯಿಂದ ಬಂದವಳು ವಾರವಿಡೀ ನಿಮ್ಮದೇ ಜಪ ಮಾಡುತ್ತಾಳೆ. ಕಪ್ಪೆ ನೀರಲ್ಲೂ ನೆಲದಲ್ಲೂ ಹೇಗೆ ಬಾಳುತ್ತದೆ, ಎರೆಹುಳು ಮಣ್ಣನ್ನು ಹೇಗೆ ಹದ ಮಾಡುತ್ತದೆ, ಎಲ್ಲವೂ "ಚಿಕ್ಕಮ್ಮ ಹೇಳಿದ್ರು." ಜಿರಲೆ ಕಂಡರೆ ಮಂಚ ಹತ್ತುತ್ತಿದ್ದವಳು ಈಗ ಕೈಯಲ್ಲಿ ಹುಳ ಹಿಡಿದು ನನಗೇ ಧೈರ್ಯ ಹೇಳುತ್ತಾಳೆ. ನನಗೆ ಹೊಟ್ಟೆ ಉರಿಯಿತು. ಮುಚ್ಚಿಟ್ಟು ಏನು ಪ್ರಯೋಜನ?

ಹಾಗಾಗಿ ನಿನ್ನೆ ಹೊಲಿಗೆ ಅಂಗಡಿಗೆ ಬೀಗ ಹಾಕಿ ನಾನೇ ಅವಳನ್ನು ಕೆರೆಗೆ ಕರೆದೊಯ್ದೆ. ನೀರಿನಂಚಿನ ಜೊಂಡಿಗೆ ಒಂದು ಕಂದು ಹುಳ ಅಂಟಿಕೊಂಡಿತ್ತು. ಮುಟ್ಟಿದರೆ ಒಳಗೆ ಟೊಳ್ಳು, ಬರೀ ಪೊರೆ; ಬೆನ್ನು ಸೀಳಿತ್ತು.

"ಅಮ್ಮಾ, ಇದು ನೀರಿನದ್ದಾ, ನೆಲದ್ದಾ? ಒಳಗಿದ್ದದ್ದು ಎಲ್ಲಿಗೆ ಹೋಯ್ತು?"

"ಸತ್ತಿರಬೇಕು ಬಿಡು," ಎಂದೆ.

"ನಿಂಗೊತ್ತಿಲ್ಲ ಅಲ್ವಾ? ಇರಲಿ, ಚಿಕ್ಕಮ್ಮನ್ನ ಕೇಳ್ತೀನಿ."

ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು. ಅದೇ ಹೆಚ್ಚು ಚುಚ್ಚಿತು.

ಇನ್ನು ಮುಂದೆ ಅವಳನ್ನು ಕೆರೆಗೆ ಕರೆದೊಯ್ಯಬೇಡಿ ಎಂದು ಬರೆಯಲು ಕುಳಿತಿದ್ದೆ. ಬರೆಯಲಾಗಲಿಲ್ಲ. ಕರೆದೊಯ್ಯಿರಿ. ಅವಳಿಗೆ ಬೇಗ ಶೀತವಾಗುತ್ತದೆ, ಕಾಲು ಚೆನ್ನಾಗಿ ಒರೆಸಿ ಕಳಿಸಿ.

ಆ ಪೊರೆಯನ್ನು ಹತ್ತಿಯಲ್ಲಿ ಸುತ್ತಿ ಇದರೊಂದಿಗೆ ಇಟ್ಟಿದ್ದೇನೆ. ಅದು ಏನೆಂದು ಭಾನುವಾರಕ್ಕೆ ಮೊದಲು ನನಗೆ ತಿಳಿಸಿ. ಅವಳಿಗೆ ನಾನು ಹೇಳುತ್ತೇನೆ. ನಾನು ಹೇಳುವ ಮೊದಲೇ ಅವಳು ನಿಮ್ಮನ್ನು ಕೇಳಿದರೆ, ದಯವಿಟ್ಟು, ಗೊತ್ತಿಲ್ಲ ಎಂದುಬಿಡಿ.

ಇತಿ,
ಅವಳ ಅಮ್ಮ